ಗೊಂಬೆ ಬೇಕೇ? ಹಳೇ ರಸ್ತೆ ಹಿಡಿಯಿರಿ

ಈ ದಸರೆಗೆ ಬೆಂಗಳೂರಿನಿಂದ ಕಾರಿನಲ್ಲಿ ಮೈಸೂರಿಗೆ ಹೊರಟಿದ್ದೀರಾ? ಹಾಗಾದರೆ ಯಜಮಾನರಿಗೆ ಈಗಲೇ ಹೇಳಿಟ್ಟಿರಿ, ಚನ್ನಪಟ್ಟಣದ ಗೊಂಬೆ ಬೇಕಿದ್ದರೆ ಬೈಪಾಸ್ ಹತ್ತಕೂಡದು! 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಹೊಸ ಹೆದ್ದಾರಿ ರಾಮನಗರ, ಚನ್ನಪಟ್ಟಣ ಎರಡನ್ನೂ ಊರಾಚೆಯೇ ಬಳಸಿ ಹೋಗುತ್ತದೆ.

ಮೊದಲು ಲಾರಿ, ಬಸ್ಸು, ಕಾರು ಎಲ್ಲವೂ ಊರೊಳಗೇ ನುಗ್ಗುತ್ತಿದ್ದವು. ಮಗುವಿನ ಕೈ ಹಿಡಿದು ರಸ್ತೆ ದಾಟಲು ನಾನು ಎಷ್ಟು ಹೊತ್ತು ನಿಂತಿದ್ದೇನೋ! ಆ ಕಾಟ ತಗ್ಗಿದ್ದು ಸಂತೋಷವೇ. ಆದರೆ ಗೊಂಬೆಯಂಗಡಿಗಳು ನಂಬಿದ್ದುದೂ ಆ ಗದ್ದಲವನ್ನೇ ಅಲ್ಲವೇ? ದಾರಿಹೋಕರು ಕಾರು ನಿಲ್ಲಿಸಿ ಹಾಲೆಮರದ ಬುಗುರಿ, ಗಿಲಕಿ ಕೊಳ್ಳುತ್ತಿದ್ದರು. ಈಗ ಅವರು ಊರಿನತ್ತ ತಿರುಗಿಯೂ ನೋಡದೆ ಓಡುತ್ತಾರೆ.

ಮಾಗಡಿ, ಕನಕಪುರದ ಕಡೆಗಂತೂ ಈ ಹೆದ್ದಾರಿ ಸುಳಿಯುವುದೇ ಇಲ್ಲ. ಸ್ಕೂಟರು, ಆಟೋ, ಟ್ರ್ಯಾಕ್ಟರುಗಳಿಗೂ 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಪ್ರವೇಶವಿಲ್ಲ; ಪಕ್ಕದ ಸರ್ವಿಸ್ ರಸ್ತೆಯೇ ಗತಿ. ಊರವರ ಜಮೀನು ನುಂಗಿದ ರಸ್ತೆಯಲ್ಲಿ ಊರವರ ಸ್ಕೂಟರಿಗೇ ಜಾಗವಿಲ್ಲ, ನೋಡಿ!

ಬಿಡದಿ ಕಳೆದ ಮೇಲೆ ಹಳೇ ರಸ್ತೆಗೆ ಇಳಿಯಿರಿ. ಸ್ವಲ್ಪ ತಡವಾದೀತು, ಆಗಲಿ. ತಿರುಗುವ ಕಡ್ಡಿಗೆ ಅರಗು ಹಚ್ಚಿ ತಾಳೆಗರಿಯಿಂದ ಹೊಳಪು ಕೊಡುವುದನ್ನು ಮಕ್ಕಳಿಗೆ ತೋರಿಸಿ. ಗೊಂಬೆ ಕೊಳ್ಳುವಾಗ ಚೌಕಾಸಿ ಮಾತ್ರ ಸ್ವಲ್ಪ ಕಡಿಮೆ ಇರಲಿ.