ಹಬ್ಬ ಮಾಡಿದ ಕೈಗಳು

ಭಾದ್ರಪದ ಶುದ್ಧ ತದಿಗೆಗೆ ಗೌರಿ, ಚೌತಿಗೆ ಗಣೇಶ, ಪಂಚಮಿಗೆ ಋಷಿಗಳು. ಪಂಚಾಂಗದ ಪ್ರಕಾರ ಹಬ್ಬ ಇಷ್ಟೇ. ಕೆಲವು ವರ್ಷ ತದಿಗೆ, ಚೌತಿ ಎರಡೂ ಒಂದೇ ದಿನ ಬಿದ್ದು ಇನ್ನೂ ಮೊಟಕಾಗುತ್ತದೆ. ಆದರೆ ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಗೌರಿ-ಗಣೇಶ ಒಂದು ವಾರದ ಹಬ್ಬ. ಮೂಲೆಯ ಜೇಡರಬಲೆ ಹೊಡೆದು, ಅಟ್ಟದ ಮೇಲಿನ ಹಿತ್ತಾಳೆ ಸಾಮಾನು ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕುವುದರಿಂದ ಶುರುವಾಗಿ, ಗಣೇಶನನ್ನು ನೀರಿಗೆ ಬಿಟ್ಟ ಮಾರನೆಯ ದಿನ ಅದೇ ಸಾಮಾನನ್ನು ಒರೆಸಿ ಮತ್ತೆ ಅಟ್ಟಕ್ಕೆ ಏರಿಸುವ ತನಕ ಅದು ನಡೆಯುತ್ತದೆ. ಈ ವಾರದಲ್ಲಿ ಪೂಜೆಗೆ ಸಲ್ಲುವುದು ಒಟ್ಟು ಕೆಲವೇ ಗಂಟೆ. ಉಳಿದದ್ದೆಲ್ಲ ಕೆಲಸ: ಗೆಜ್ಜೆವಸ್ತ್ರ ಮಾಡುವುದು, ಹೂ ಕಟ್ಟುವುದು, ಗರಿಕೆ ಆರಿಸುವುದು, ಮೊರ ತುಂಬುವುದು, ಕಾಯಿ ತುರಿಯುವುದು, ಬಂದವರಿಗೆ ಎಲೆ ಹಾಕುವುದು, ಉಂಡ ಎಲೆ ಎತ್ತುವುದು. ಹಬ್ಬವೆಂದರೆ ಪೂಜೆ, ಕೆಲಸವೇನಿದ್ದರೂ ಅದರ ಸಿದ್ಧತೆ ಎಂದು ನಾವು ನಂಬಿಕೊಂಡು ಬಂದಿದ್ದೇವೆ. ನನಗೆ ಹಾಗನ್ನಿಸುವುದಿಲ್ಲ. ಹಬ್ಬದ ಬಹುಪಾಲು ಆ ಕೆಲಸವೇ. ಮನೆಯವರನ್ನು ಒಂದು ಕಡೆ ಕೂಡಿಸುವುದೂ ಅದೇ. ಇಷ್ಟನ್ನು ಒಪ್ಪಿಕೊಂಡರೆ ಹಬ್ಬ ಯಾರದು ಎಂಬ ಪ್ರಶ್ನೆಗೆ ನಾವು ಇಷ್ಟು ದಿನ ಕೊಡುತ್ತಿದ್ದ ಉತ್ತರವನ್ನು ಬದಲಾಯಿಸಬೇಕಾಗುತ್ತದೆ.

ಮೊದಲ ಸಾಕ್ಷಿ ಹಬ್ಬದ ತಿಂಡಿಯಲ್ಲೇ ಇದೆ. ಕರಿಗಡುಬನ್ನು ನೋಡಿ. ಮೈದಾಕ್ಕೆ ಚಿರೋಟಿ ರವೆ ಬೆರೆಸಿ, ಕಾದ ಎಣ್ಣೆ ಹಾಕಿ ಗಟ್ಟಿಯಾಗಿ ಕಲಸಿದ ಕಣಕವನ್ನು ನೆನೆಯಲು ಬಿಟ್ಟು ಚೆನ್ನಾಗಿ ನಾದಬೇಕು. ಹುರಿಗಡಲೆ ಪುಡಿ, ಕೊಬ್ಬರಿ ತುರಿ, ಹುರಿದ ಗಸಗಸೆ, ಏಲಕ್ಕಿ, ಸಕ್ಕರೆ ಸೇರಿಸಿ ಹೂರಣ ಮಾಡಿಕೊಳ್ಳಬೇಕು. ಕಷ್ಟ ಶುರುವಾಗುವುದು ಆಮೇಲೆ. ಲಟ್ಟಿಸಿದ ಹಾಳೆ ಗಾಳಿಗೆ ಬಿದ್ದರೆ ಒಣಗಿ ಅಂಚು ಕೂಡುವುದಿಲ್ಲ. ಅಂಚು ಕೂಡದ ಕಡುಬು ಬಾಣಲೆಯಲ್ಲಿ ಬಾಯಿ ಬಿಟ್ಟು ಹೂರಣ ಚೆಲ್ಲುತ್ತದೆ. ಚೆಲ್ಲಿದ್ದು ಸೀದು ಎಣ್ಣೆಯೆಲ್ಲ ಕಪ್ಪಾಗಿ, ಮುಂದೆ ಬೀಳುವ ಕಡುಬುಗಳ ಬಣ್ಣವೂ ರುಚಿಯೂ ಕೆಡುತ್ತವೆ. ಹಾಗಾಗಿ ಒಬ್ಬರು ಲಟ್ಟಿಸುತ್ತಿದ್ದಂತೆ ಇನ್ನೊಬ್ಬರು ಹೂರಣ ತುಂಬಿ, ಅಂಚಿಗೆ ಹಾಲು ಸವರಿ ಮಡಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಅದನ್ನು ಹಗ್ಗ ಹೊಸೆದ ಹಾಗೆ ಮುರಿದುಕೊಂಡು ಬರಬೇಕು. ಮಡಿಸಿಟ್ಟದ್ದರ ಮೇಲೆ ಒದ್ದೆ ಬಟ್ಟೆ ಮುಚ್ಚಬೇಕು. ಮೂರನೆಯವರು ಒಲೆ ಬಿಟ್ಟು ಅಲ್ಲಾಡದೆ ಸಣ್ಣ ಉರಿಯಲ್ಲಿ ಕರಿಯಬೇಕು. ಒಬ್ಬರೇ ಮಾಡಲಾಗದೆಂದಲ್ಲ, ಮಾಡುತ್ತಾರೆ, ಸೊಂಟ ಬಿದ್ದುಹೋಗುವ ತನಕ ಮಾಡುತ್ತಾರೆ. ಆದರೆ ಈ ತಿಂಡಿಯ ಕ್ರಮವೇ ಮೂರು ಜನರನ್ನು ಕೇಳುತ್ತದೆ. ಚಕ್ಕುಲಿ, ಕೋಡುಬಳೆ, ಒಬ್ಬಟ್ಟುಗಳದೂ ಇದೇ ಕಥೆ. ಅನ್ನ, ಸಾರು, ಪಲ್ಯ ಒಂದು ಜೀವ ಒಂದು ಬೆಳಗಿನಲ್ಲಿ ಮಾಡಿ ಮುಗಿಸಬಹುದಾದ ಅಡುಗೆ. ಹಬ್ಬದ ಅಡುಗೆ ಬಂದದ್ದು ಜನ ಸೇರಿದ ಮನೆಗಳಿಂದ, ಸೇರಿದವರ ಕೈಗೆಲ್ಲ ಒಂದೊಂದು ಕೆಲಸ ಸಿಗಲಿ ಎಂಬ ಅನುಕೂಲದಿಂದ.

ಹೀಗೆ ಸುತ್ತ ಕೂತಾಗ ಕಡುಬು ಮಾತ್ರ ಆಗುವುದಿಲ್ಲ. ಮನೆಯ ಹತ್ತು ಹನ್ನೆರಡು ವರ್ಷದ ಮಗುವಿಗೆ ಮೊದಲ ಸಲ ಅಂಚು ಮುರಿಯಲು ಬಿಡುವುದು ಅಲ್ಲಿ. ಅದರ ಕೈಯ ವಕ್ರ ಕಡುಬನ್ನು ಅಜ್ಜಿ ಬೇರೆ ತೆಗೆದಿಡದೆ ಎಲ್ಲದರ ಜೊತೆಗೇ ಎಣ್ಣೆಗೆ ಬಿಡುತ್ತಾರೆ. ತವರಿಗೆ ಬಂದ ಮಗಳನ್ನು ಎದುರು ಕೂರಿಸಿಕೊಂಡು "ಅಲ್ಲಿ ಹೇಗಿದ್ದೀಯಮ್ಮ?" ಎಂದರೆ "ಚೆನ್ನಾಗಿದ್ದೀನಿ" ಎಂಬ ಒಂದೇ ಉತ್ತರ ಬರುತ್ತದೆ; ಕಣ್ಣು ಹಿಟ್ಟಿನ ಮೇಲಿದ್ದಾಗ, ಕೈ ಆಡುತ್ತಿದ್ದಾಗ, ಅದೇ ಮಗಳು ಎರಡನೆಯ ಸುತ್ತಿನ ಹೊತ್ತಿಗೆ ನಿಜ ಹೇಳಲು ಶುರುಮಾಡುತ್ತಾಳೆ. ಕೆಲಸ ಹೋದದ್ದು, ಸಾಲ ಆದದ್ದು, ಮಕ್ಕಳು ಮಾತು ಕೇಳದಿರುವುದು, ಎಲ್ಲ ಇಂಥ ಹೊತ್ತಿನಲ್ಲೇ ಹೊರಬರುವುದು. ಹೂ ಕಟ್ಟುವಲ್ಲೂ, ಹತ್ತಿ ಹಿಂಜಿ ಗೆಜ್ಜೆವಸ್ತ್ರ ಮಾಡುವಲ್ಲೂ ಹೀಗೇ. ಮಂಗಳಾರತಿಯ ಹೊತ್ತಿಗೆ ಎಲ್ಲರೂ ಒಟ್ಟಿಗೆ ನಿಂತಿರುತ್ತಾರೆ ನಿಜ, ಆದರೆ ಆಗ ಯಾರೂ ಯಾರೊಡನೆಯೂ ಮಾತಾಡುವುದಿಲ್ಲ. ನಂಟು ಉಳಿಯುವುದು ಜೊತೆಗೆ ಕೂತು ಮಾಡಿದ ಕೆಲಸದಿಂದ ಎಂದು ನಾನು ಹೇಳುವುದು ಇದಕ್ಕೇ.

ಇದಕ್ಕೆ ಬರುವ ದೊಡ್ಡ ಆಕ್ಷೇಪ ಗೊತ್ತಿರುವಂಥದ್ದೇ: ಕೆಲಸದ ಗುಣಗಾನ ಮಾಡುವುದು ಸುಲಭ, ಮಾಡುವವರು ಹೆಂಗಸರು. ಈ ಆಕ್ಷೇಪ ಪೂರ್ತಿ ಸರಿ, ಅದಕ್ಕೆ ಅಂಕಿಅಂಶದ ಬೆಂಬಲವೂ ಇದೆ. ರಾಷ್ಟ್ರೀಯ ಅಂಕಿಅಂಶ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವವರು ಹೆಂಗಸರಲ್ಲಿ ನೂರಕ್ಕೆ 81 ಮಂದಿ, ಗಂಡಸರಲ್ಲಿ 26 ಮಂದಿ. ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ತೊಡಗುವ ಗಂಡಸರು ಕೊಟ್ಟದ್ದು 97 ನಿಮಿಷ. 2024ರಲ್ಲಿ ಮತ್ತೆ ಸಮೀಕ್ಷೆ ನಡೆದಾಗ ಹೆಂಗಸರ ಲೆಕ್ಕ 289ಕ್ಕೂ ಗಂಡಸರದು 88ಕ್ಕೂ ಇಳಿದಿತ್ತು. ಇಬ್ಬರ ನಡುವಿನ ಅಂತರ ಮಾತ್ರ ಇನ್ನೂರು ನಿಮಿಷದಿಂದ ಕದಲಲಿಲ್ಲ. ಇದು ವರ್ಷದ ಎಲ್ಲ ದಿನಗಳ ಸರಾಸರಿ. ಹಬ್ಬದ ವಾರದಲ್ಲಿ ಈ ಹೊರೆ ಎಷ್ಟಕ್ಕೆ ಏರುತ್ತದೆಂದು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ತಲೆಗೆ ನೀರು ಹಾಕಿಕೊಂಡು ಮಡಿಯಲ್ಲಿ ಒಲೆ ಹಚ್ಚುವವರನ್ನು ಕೇಳಬೇಕು. ಉಪವಾಸದ ವ್ರತವೂ ಅವರದೇ, ಊರವರಿಗೆಲ್ಲ ಬಡಿಸಿ ಕಡೆಗೆ ಉಣ್ಣುವ ಸರದಿಯೂ ಅವರದೇ. ಆದರೆ ಈ ಸಾಕ್ಷ್ಯದಿಂದ ಸಿದ್ಧವಾಗುವುದು ಕೆಲಸದ ಹಂಚಿಕೆ ತಪ್ಪಿದೆ ಎಂದು. ಕೆಲಸವೇ ವ್ಯರ್ಥ ಎಂದು ಅದರಿಂದ ಸಿದ್ಧವಾಗುವುದಿಲ್ಲ. ಕೆಲಸವನ್ನು ಬರೀ ಸಿದ್ಧತೆ ಎಂದು ಕೆಳಗಿಟ್ಟದ್ದರಿಂದಲೇ ಅದನ್ನು ಒಬ್ಬರ ತಲೆಗೆ ಕಟ್ಟಲು ಸಾಧ್ಯವಾಯಿತು. ಮಂಟಪ ಕಟ್ಟಿ, ಮೂರ್ತಿ ತಂದು, ಪೂಜೆಗೆ ಕೂತ ಗಂಡಸು ತಾನು ಹಬ್ಬ ಮಾಡಿದೆ ಎಂದುಕೊಳ್ಳುತ್ತಾನೆ. ಒಳಗಿದ್ದವಳು ಅಡುಗೆ ಮಾಡಿದಳು ಅಷ್ಟೆ. ಅಡುಗೆಮನೆಯಲ್ಲಿ ನಡೆಯುವುದೇ ಹಬ್ಬ ಎಂದ ಮೇಲೆ ಅಲ್ಲಿಗೆ ಬರದವನಿಗೆ ಹಬ್ಬ ತಪ್ಪಿತು ಎಂದೇ ಅರ್ಥ. ಕಾಯಿ ತುರಿದುಕೊಟ್ಟು ಹೆಂಡತಿಗೆ ಉಪಕಾರ ಮಾಡಿದೆನೆಂದು ಅವನು ಭಾವಿಸಬೇಕಿಲ್ಲ, ತನ್ನ ಪಾಲಿನ ಹಬ್ಬ ಮಾಡಿದೆನೆಂದು ಭಾವಿಸಲಿ. ಮದುವೆ ಮನೆಗಳಲ್ಲಿ ಕೊಪ್ಪರಿಗೆಯ ಮುಂದೆ ನಿಲ್ಲುವ ಅಡುಗೆ ಭಟ್ಟರು ಗಂಡಸರೇ. ಹಿಟ್ಟು ನಾದಲು ಗಂಡಸಿನ ಕೈಗೆ ಬರುವುದಿಲ್ಲ ಎಂಬ ಮಾತಿಗೆ ನಮ್ಮ ಸಂಪ್ರದಾಯದಲ್ಲೇ ಆಧಾರವಿಲ್ಲ.

ಇನ್ನೊಂದು ಮಾತು ನಗರದ ಮನೆಗಳದು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಅತ್ತೆ ಮಾವ ಊರಲ್ಲಿ. ಹೋಳಿಗೆ ಅಂಗಡಿಯಲ್ಲಿ ಸಿಗುತ್ತದೆ, ಕರಿಗಡುಬು ಪೊಟ್ಟಣದಲ್ಲಿ ಬರುತ್ತದೆ, ತಂದು ನೈವೇದ್ಯಕ್ಕಿಟ್ಟರೆ ದೇವರೇನು ಬೇಡವೆನ್ನುತ್ತಾನೆಯೇ? ಬೇಡವೆನ್ನುವುದಿಲ್ಲ. ಕೊಂಡು ತರುವುದರಲ್ಲಿ ತಪ್ಪೇನೂ ಇಲ್ಲ. ಬಾಗಿನದ ಮೊರವನ್ನು ಯಾವ ಮನೆಯವರೂ ತಾವೇ ಹೆಣೆದವರಲ್ಲ. ಅದು ಎಂದಿನಿಂದಲೂ ಬಿದಿರು ಸೀಳಿ ಹೆಣೆಯುವ ಮೇದರ ಕೈಯಿಂದ ಬಂದದ್ದು. ಮೂರ್ತಿ ಕುಂಬಾರರ ಕೇರಿಯಿಂದ ಬಂತು, ಹೂ ಮಾರಿನ ಲೆಕ್ಕದಲ್ಲಿ ಸಂತೆಯಿಂದ ಬಂತು. ನಾನು ಕೇಳುವುದಿಷ್ಟೇ: ಎಲ್ಲವನ್ನೂ ಕೊಂಡರೆ ಮನೆಯವರು ಕೂಡಿ ಕೂರುವುದು ಎಲ್ಲಿ? ಐದು ಬಗೆ ಒಬ್ಬಳೇ ಮಾಡುವುದಕ್ಕಿಂತ ನಾಲ್ಕು ಬಗೆ ಕೊಂಡು ತಂದು, ಒಂದನ್ನು ಮಾತ್ರ ಎಲ್ಲರೂ ಕೂತು ಮಾಡುವ ಮನೆಯಲ್ಲಿ ಹಬ್ಬ ಹೆಚ್ಚಿದೆ. ಗಣೇಶನಿಗೆ ಇಪ್ಪತ್ತೊಂದು ಕಡುಬು ಎಂಬ ಲೆಕ್ಕವಿದೆ. ಡಬ್ಬಿ ತುಂಬಿ ತಿಂಗಳು ಪೂರ್ತಿ ತಿನ್ನುವಷ್ಟು ಮಾಡಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಇಪ್ಪತ್ತೊಂದನ್ನು ಮೂವರು ಕೂತರೆ ಸಂಜೆ ಕಾಫಿಯಾದ ಮೇಲೆ ಶುರುಮಾಡಿ ರಾತ್ರಿ ಊಟದೊಳಗೆ ಮುಗಿಸಬಹುದು.

ಕೆಲಸವೇ ಹಬ್ಬವೆಂದ ಮೇಲೆ ಇನ್ನೊಂದು ಕಡೆ ನೋಡಲೇಬೇಕು. ಗೆಜ್ಜೆವಸ್ತ್ರದ ಹತ್ತಿಯನ್ನು ದಿನಗಟ್ಟಲೆ ಕೂತು ಹಿಂಜಿದವರು ಎಷ್ಟೋ ಮನೆಗಳಲ್ಲಿ ಗಂಡನನ್ನು ಕಳೆದುಕೊಂಡ ಅತ್ತೆಯೋ ಸೋದರತ್ತೆಯೋ ಆಗಿರುತ್ತಾರೆ. ಹೂರಣದ ಹದ ನೋಡಿದವರು ಅವರು, ಯಾವ ಡಬ್ಬಿಯಲ್ಲಿ ಹೋದ ವರ್ಷದ ಬಿಚ್ಚೋಲೆ, ಕನ್ನಡಿ ಇಟ್ಟಿದೆ ಎಂದು ನೆನಪಿಟ್ಟವರು ಅವರು, ಹದಿನಾರು ಗಂಟಿನ ದಾರಕ್ಕೆ ಅರಿಶಿನ ಹಚ್ಚಿ ಒಣಗಿಸಿದವರೂ ಅವರೇ. ಅರಿಶಿನ-ಕುಂಕುಮದ ತಟ್ಟೆ ಹೊರಬಂದ ಗಳಿಗೆಗೆ ಅವರು ತಾವಾಗಿ ಒಳಗೆ ಸರಿಯುತ್ತಾರೆ. ಯಾರೂ "ಹೋಗಿ" ಅನ್ನುವುದಿಲ್ಲ. ಯಾರೂ "ಬನ್ನಿ" ಅನ್ನುವುದೂ ಇಲ್ಲ. ಗೌರಿಯದು ಮುತ್ತೈದೆಯರ ವ್ರತ, ಪದ್ಧತಿ ಇರುವುದೇ ಹಾಗೆ ಎನ್ನುವವರಿದ್ದಾರೆ. ವ್ರತದ ವಿಧಿ ಏನೇ ಇರಲಿ, ಹಬ್ಬ ವ್ರತಕ್ಕಿಂತ ದೊಡ್ಡದು. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿಯೇ ನೇಮಿಸಲಾಯಿತು. ದೇವಸ್ಥಾನದ ಗರ್ಭಗುಡಿಗೆ ಆದದ್ದು ಮನೆಯ ನಡುಮನೆಗೆ ಆಗದೆ? ಕುಂಕುಮದ ಬಟ್ಟಲನ್ನು ಮೊದಲು ಅವರ ಮುಂದೆ ಹಿಡಿದು, ಇಟ್ಟುಕೊಳ್ಳುವುದೂ ಬಿಡುವುದೂ ಅವರ ಇಚ್ಛೆ ಎಂದು ನಿಲ್ಲುವ ಸೊಸೆ ಯಾವ ಪದ್ಧತಿಯನ್ನೂ ಕೆಡಿಸುವುದಿಲ್ಲ ಎಂದೇ ನನ್ನ ನಂಬಿಕೆ.

ನಂಟು ಗಟ್ಟಿಯಾಗುವುದು ಒಳ್ಳೆಯದೇ ಎಂಬ ನನ್ನ ಮಾತಿಗೂ ಒಂದು ಕಹಿ ಉತ್ತರವಿದೆ. ತವರು ತದಿಗೆಯಂದು ಮಗಳಿಗೆ ಜೋಡಿ ಮೊರ ಕೊಡುತ್ತದೆ: ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ. ಗೌರಿ ತವರಿಗೆ ಬರುತ್ತಾಳೆ, ಮಾರನೆಯ ದಿನ ಮಗ ಬಂದು ಕರೆದುಕೊಂಡು ಹೋಗುತ್ತಾನೆ ಎಂಬ ಕಥೆಯನ್ನು ಪ್ರತಿ ಮಗಳೂ ತನ್ನದೇ ಎಂದು ಕೇಳಿಸಿಕೊಂಡಿದ್ದಾಳೆ. ಈ ಪ್ರೀತಿಯನ್ನೇ ಮುಂದಿಟ್ಟು, ತವರು ಬೇಕೋ ಆಸ್ತಿ ಬೇಕೋ ಎಂದು ಕೇಳಿ, ಅರಿಶಿನ-ಕುಂಕುಮಕ್ಕೆಂದು ಒಂದಿಷ್ಟು ಹಣ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಡೆಯುತ್ತಲೇ ಇದೆ. ಕರ್ನಾಟಕ 1994ರಲ್ಲೇ ಕಾನೂನು ತಿದ್ದಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ಪಾಲು ಸಿಗಲು ಆ ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಹೀಗಿರುವಾಗ ಬಾಗಿನವನ್ನು ಪಾಲಿನ ಬದಲಿಗೆ ಕೊಡುವ ವಸ್ತುವೆಂದು ಕಂಡರೆ ಅದು ಕಾನೂನಿಗೂ ಮೋಸ, ಬಾಗಿನಕ್ಕೂ ಅವಮಾನ. ಪಾಲು ಕೇಳಿದ ಅಕ್ಕನ ಮನೆಗೆ ಮರುವರ್ಷವೂ ಮೊರ ಹೊತ್ತು ಹೋಗುವ ತಮ್ಮಂದಿರಿದ್ದಾರೆ. ಅಂಥ ಮನೆಗಳನ್ನು ನೋಡಿದರೆ ತಿಳಿಯುತ್ತದೆ: ಅಕ್ಕನ ಅಡುಗೆಮನೆಯಲ್ಲಿ ಕೂತು ಅವಳು ಬಡಿಸಿದ್ದನ್ನು ಉಂಡು, ಅವಳ ಮಕ್ಕಳ ಜೊತೆ ಮಂಟಪಕ್ಕೆ ಬಾಳೆಕಂದು ಕಟ್ಟಿ ಬಂದವನ ನಂಟು ಜಮೀನಿನ ಲೆಕ್ಕದಿಂದ ಕಡಿದುಹೋಗುವಷ್ಟು ತೆಳುವಾಗಿರುವುದಿಲ್ಲ. ಈಗ ಮೊಬೈಲಿನಲ್ಲಿ ಬಾಗಿನದ ದುಡ್ಡು ಕ್ಷಣದಲ್ಲಿ ಕಳಿಸಬಹುದು. ದೂರದ ದೇಶದಲ್ಲಿರುವವರಿಗೆ ಅದು ಬಿಟ್ಟರೆ ದಾರಿಯಿಲ್ಲ. ಎರಡು ಬಸ್ಸು ಹತ್ತಿದರೆ ಸಿಗುವ ಊರಿನಲ್ಲಿರುವವರು ಹೋಗಿಬರಬೇಕು.

ಹಬ್ಬ ಮಾಡಿದವರ ಪಟ್ಟಿಯಲ್ಲಿ ಮನೆಗೆಲಸಕ್ಕೆ ಬರುವವರೂ ಇದ್ದಾರೆ. ಹಿತ್ತಾಳೆ ಸಾಮಾನಿನ ಹೊಳಪು ಬಹಳ ಮನೆಗಳಲ್ಲಿ ಅವರ ಕೈಯದು, ನೆಂಟರು ಉಂಡೆದ್ದ ಮೇಲೆ ಬೀಳುವ ಪಾತ್ರೆಯ ರಾಶಿಯೂ ಅವರ ಪಾಲಿನದು. ಅವರ ಮನೆಯಲ್ಲೂ ಅದೇ ದಿನ ಗೌರಿ ಬಂದಿರುತ್ತಾಳೆ. ತದಿಗೆಯ ಬೆಳಗ್ಗೆ ಅವರಿಗೆ ರಜೆ, ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಹಣ, ಜೊತೆಗೆ ಉಳಿದದ್ದಲ್ಲ, ಮೊದಲು ತೆಗೆದಿಟ್ಟ ಕಡುಬು ಸಲ್ಲಬೇಕು. ಆ ಬೆಳಗಿನ ಪಾತ್ರೆ ಯಾರು ತೊಳೆಯುವುದು ಎಂದರೆ, ಮನೆಯಲ್ಲಿ ಜನ ಇದ್ದೇ ಇರುತ್ತಾರೆ. ಇನ್ನು ಮನೆಯವರ ರಜೆಯ ಮಾತು. ಸರ್ಕಾರಿ ಕಚೇರಿಗಳಲ್ಲಿ ಚೌತಿಯಂದು ಎಲ್ಲರಿಗೂ ರಜೆ. ಸ್ವರ್ಣಗೌರಿ ವ್ರತ ಇರುವುದು ಪರಿಮಿತ ರಜೆಯ ಪಟ್ಟಿಯಲ್ಲಿ, ಬೇಕಾದವರು ಕೇಳಿ ಪಡೆಯಬೇಕು. ಅದನ್ನು ಕೇಳಿ ಪಡೆಯುವವರು ಹೆಚ್ಚಾಗಿ ಹೆಂಗಸರೇ. ಗಂಡಸರು ಈ ಸಲ ಒಂದು ದಿನದ ರಜೆ ಹಾಕುವುದಾದರೆ ತದಿಗೆಯ ಹಿಂದಿನ ದಿನ, ಬಿದಿಗೆಗೆ ಹಾಕಲಿ. ಹೂರಣ ಹುರಿಯುವುದು, ಮೊರ ತುಂಬುವುದು, ಮಾವಿನ ಎಲೆ ತರುವುದು ಎಲ್ಲ ಅಂದೇ ಇರುತ್ತದೆ.