ಐದು ಪೈಸೆಯ ಮಿಠಾಯಿ

ರಾವಳಗಾಂವ ಮಿಠಾಯಿಯ ಹೆಸರುಗಳನ್ನು ದೊಡ್ಡ ಉದ್ಯಮವೊಂದು 27 ಕೋಟಿ ರೂಪಾಯಿಗಳಿಗೆ ಕೊಂಡುಕೊಂಡ ಸುದ್ದಿಯನ್ನು 2024ರ ಫೆಬ್ರುವರಿಯಲ್ಲಿ ಪತ್ರಿಕೆಯಲ್ಲಿ ಓದಿದಾಗ, ಐವತ್ತು ವರ್ಷಗಳ ಹಿಂದಿನ ರುಚಿಯೊಂದು ನನ್ನ ನಾಲಿಗೆಗೆ ಮರಳಿ ಬಂದಿತು. ಸೊಲ್ಲಾಪುರದ ಜೈನ ಮನೆತನದಲ್ಲಿ ಜನಿಸಿದ ವಾಲಚಂದ ಹಿರಾಚಂದರು 1933ರಲ್ಲಿ ನಾಸಿಕ ಜಿಲ್ಲೆಯ ರಾವಳಗಾಂವದಲ್ಲಿ ಸಕ್ಕರೆ ಉದ್ಯಮವನ್ನು ಸ್ಥಾಪಿಸಿದರು. 1942ರಿಂದ ಅಲ್ಲಿ ಮಿಠಾಯಿಯೂ ತಯಾರಾಗತೊಡಗಿತು. ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರಲ್ಲಿದ್ದ ನಮ್ಮ ತಂದೆಯವರ ಕಿರಾಣಿ ಅಂಗಡಿಯ ಗಾಜಿನ ಬರಣಿಯಲ್ಲಿ ಆ ಮಿಠಾಯಿಯೂ ಇರುತ್ತಿತ್ತು.

ಸಂಕ್ರಮಣಕ್ಕೆ ಕುಸುರೆಳ್ಳು, ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ, ಜಾತ್ರೆಗೆ ಬೆಂಡು ಬತ್ತಾಸು. ಇವು ವರ್ಷಕ್ಕೊಮ್ಮೆ ಬರುವ ಸಿಹಿಗಳು. ಬರಣಿಯ ಮಿಠಾಯಿಯಾದರೋ ದಿನವೂ ಕಣ್ಣೆದುರು! ಹೊತ್ತು ಮುಳುಗಿದ ಮೇಲೆ ಏನನ್ನೂ ಬಾಯಿಗೆ ಹಾಕದ ಮನೆಯಾದ್ದರಿಂದ, ಶಾಲೆ ಬಿಟ್ಟೊಡನೆ ಅಂಗಡಿಗೆ ಓಡಿಬರುವುದು ನನ್ನ ನಿತ್ಯವಿಧಿಯಾಗಿತ್ತು.

1971ರ ಒಂದು ಸಂಜೆ ತಂದೆಯವರು ಊಟಕ್ಕೆ ಹೋಗಿದ್ದರು. ಹತ್ತು ವರ್ಷದ ನಾನು ಗಲ್ಲೆಯ ಮೇಲಿದ್ದೆ. ಕೂಲಿಯಿಂದ ಮರಳುತ್ತಿದ್ದ ಹೆಣ್ಣುಮಗಳೊಬ್ಬಳು ಉಪ್ಪು, ಬೆಲ್ಲ ಕೊಂಡಳು. ಅವಳಿಗೆ ಐದು ಪೈಸೆ ಮರಳಿ ಕೊಡಬೇಕಾಗಿತ್ತು. ಗಲ್ಲೆಯಲ್ಲಿ ಚಿಲ್ಲರೆ ಇದ್ದೇ ಇತ್ತು. ಆದರೂ ನಾನು, "ಚಿಲ್ಲರ ಇಲ್ಲ," ಎಂದು ಎರಡು ಪೆಪ್ಪರಮಿಂಟುಗಳನ್ನು ಅವಳ ಕೈಗಿತ್ತು, ಆ ನಾಣ್ಯವನ್ನು ಕಿಸೆಗೆ ಸೇರಿಸಿದೆ.

ತಂದೆಯವರು ಬಂದವರೇ ಲೆಕ್ಕ ಕೇಳಿದರು. ನನ್ನ ಮುಖವೇ ಎಲ್ಲವನ್ನೂ ಹೇಳಿರಬೇಕು. ಅವರು ಹೊಡೆಯಲಿಲ್ಲ. "ಆಕಿ ಪೆಪ್ಪರಮಿಂಟು ಕೇಳಿದ್ಲೇನೋ?" ಎಂದರು ಅಷ್ಟೇ. ಅಂಗಡಿಯ ಬಾಗಿಲೆಳೆದು ನನ್ನನ್ನು ಅವಳ ಮನೆಗೆ ಕರೆದೊಯ್ದರು. ನನ್ನ ಕೈಯಿಂದಲೇ ಐದು ಪೈಸೆ ಕೊಡಿಸಿದರು.

"ಅಯ್ಯ ಸಾವಕಾರ್ರ, ಐದು ಪೈಸಾಕ್ಕ ಇಲ್ಲೀತನಕ ಬಂದ್ರೇನ್ರೀ?" ಎಂದು ಅವಳು ನಾಚಿಕೊಂಡು, ಉಳಿದಿದ್ದ ಒಂದು ಮಿಠಾಯಿಯನ್ನು ಹಿಂದಿರುಗಿಸಲು ಬಂದಳು. ಒಂದನ್ನು ಹಿರಿಯ ಮಗುವಿಗೆ ಕೊಟ್ಟು, ಮಲಗಿದ್ದ ಕಿರಿಯದಕ್ಕೆಂದು ಇನ್ನೊಂದನ್ನು ತೆಗೆದಿರಿಸಿದ್ದಳು. ತಂದೆಯವರು ತೆಗೆದುಕೊಳ್ಳಲಿಲ್ಲ. ದಾರಿಯಲ್ಲಿ ನನಗೆ ಹೇಳಿದರು: "ಕೊಡೂದಿದ್ರ ಕೈಯಾರೆ ಕೊಡು. ಮಂದಿ ಬಾಕಿಯೊಳಗ ಕೊಡಬ್ಯಾಡ."

ಕಥೆ ಇಲ್ಲಿಗೇ ಮುಗಿದಿದ್ದರೆ ಅದನ್ನು ಹೇಳುವುದು ಸುಲಭವಾಗಿತ್ತು. ನಾನು ಬಿ.ಕಾಂ. ಮುಗಿಸಿ ಅದೇ ವ್ಯಾಪಾರಕ್ಕೆ ಕುಳಿತೆ. 1990ರ ದಶಕದಲ್ಲಿ ನಿಜವಾಗಿಯೂ ಚಿಲ್ಲರೆಗೆ ಪರದಾಡುವ ದಿನಗಳಿದ್ದವು. ಎಲ್ಲರೂ ಮಾಡುವಂತೆ ನಾನೂ ಗಲ್ಲೆಯ ಪಕ್ಕದಲ್ಲಿ ಚಾಕಲೇಟಿನ ಡಬ್ಬಿಯಿಟ್ಟೆ. ಬಾಕಿಯ ಬದಲು ಕೊಡುವ ಚಾಕಲೇಟಿನಲ್ಲಿಯೂ ಲಾಭವುಂಟೆಂಬುದನ್ನು ಬಿ.ಕಾಂ. ಓದಿದವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಚಿಲ್ಲರೆ ದೊರೆಯತೊಡಗಿದ ಮೇಲೆಯೂ ಡಬ್ಬಿ ಅಲ್ಲಿಯೇ ಉಳಿಯಿತು.

ಒಂದು ದಿನ ಶಾಲೆಯ ಹುಡುಗನೊಬ್ಬ ಪೆನ್ಸಿಲು ಕೇಳಿ, ಕಿಸೆಯಿಂದ ನಾಲ್ಕು ಚಾಕಲೇಟು ತೆಗೆದು ಕಟ್ಟೆಯ ಮೇಲಿಟ್ಟ. "ಇವು ನಡ್ಯೂದಿಲ್ಲೋ ತಮ್ಮಾ," ಎಂದು ನಕ್ಕೆ. "ನೀವ ಕೊಟ್ಟಿದ್ದಲ್ಲೇನ್ರೀ?" ಎಂದನು. ನನ್ನಲ್ಲಿ ಉತ್ತರವಿರಲಿಲ್ಲ. ಪೆನ್ಸಿಲು ಕೊಟ್ಟೆ. ಆ ರಾತ್ರಿ ನಿದ್ರೆ ಬಾರಲಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು ಅದರಲ್ಲೊಂದು. ಅಸಲಿನ ಸ್ಥಾನದಲ್ಲಿ ಬೇರೊಂದನ್ನು ಸಾಗಿಸುವ ಪ್ರತಿರೂಪಕ ವ್ಯವಹಾರ ಮತ್ತೊಂದು. ತುಪ್ಪಕ್ಕೆ ಎಣ್ಣೆ ಬೆರೆಸುವವನಿಗೆ ಮಾತ್ರ ಅನ್ವಯಿಸುವ ಮಾತಿದು ಎಂದು ಸ್ವಾಧ್ಯಾಯದಲ್ಲಿ ನಾನೇ ಇತರರಿಗೆ ವಿವರಿಸಿದ್ದೆ! ನಾಣ್ಯದ ಸ್ಥಾನದಲ್ಲಿ ಮಿಠಾಯಿ ಸಾಗಿಸುತ್ತಿದ್ದ ನನಗೆ ಅದು ಹೊಳೆದಿರಲಿಲ್ಲ. ಮರುದಿನವೇ ಡಬ್ಬಿಯನ್ನು ಒಳಗಿಟ್ಟೆ. ಅಂದಿನಿಂದ ಚಿಲ್ಲರೆ ಇಲ್ಲದಿದ್ದರೆ ಗಿರಾಕಿಯ ಕಡೆಗೇ ಲೆಕ್ಕ ಬಿಡುವ ರೂಢಿ ಮಾಡಿಕೊಂಡೆ.

25 ಪೈಸೆ ಹಾಗೂ ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಕೊನೆಗೊಂಡಿತು. ಇಂದು ಗಿರಾಕಿಗಳು ಮೊಬೈಲಿನಲ್ಲಿ ಪೈಸೆಯವರೆಗೂ ಸರಿಯಾಗಿ ಹಣ ಸಲ್ಲಿಸುತ್ತಾರೆ. ಚಿಲ್ಲರೆಯ ನೆಪ ಉಳಿದಿಲ್ಲ. ನೆಪಗಳಿಗೆ ಮಾತ್ರ ಕೊರತೆಯಿಲ್ಲವೆಂಬುದನ್ನು ವರ್ತಕರಾದ ವಾಚಕರು ಬಲ್ಲರು.

ತಂದೆಯವರ ಗಾಜಿನ ಬರಣಿ ಈಗಲೂ ನನ್ನ ಅಂಗಡಿಯಲ್ಲಿದೆ. ತಾಯಂದಿರೊಡನೆ ಬರುವ ಮಕ್ಕಳಿಗೆ ಅದರಿಂದ ಒಂದೊಂದು ಮಿಠಾಯಿ ಕೊಡುತ್ತೇನೆ, ಬಾಕಿ ಹಣವನ್ನು ಎಣಿಸಿ ಕೊಟ್ಟಾದ ಮೇಲೆ.