ಕಾನೂನಿನಲ್ಲಿ ಹೆಸರಿಲ್ಲದ ನಿಲ್ದಾಣ

ಕಚೇರಿಯ ಗೋಡೆಗೆ ಅಂಟಿಸಿದ ನೋಟೀಸನ್ನು ನೀವು ಎಂದಾದರೂ ಪೂರ್ತಿಯಾಗಿ ಓದಿದ್ದೀರಾ? “ಇಂದಿನಿಂದ ಈ ಸೇವೆ ಇರುವುದಿಲ್ಲ” ಎಂಬ ಸಾಲು ಕಂಡ ಕೂಡಲೇ ನಾವು ನಿಟ್ಟುಸಿರು ಬಿಟ್ಟು ಮನೆಗೆ ಮರಳುತ್ತೇವೆ. ದೊಡ್ಡವರು ತೀರ್ಮಾನಿಸಿದ ಮೇಲೆ ನಮ್ಮಿಂದೇನಾದೀತು ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಹಾಗೆ ಸುಮ್ಮನೆ ಮರಳದ ಒಬ್ಬ ಮಹಿಳೆಯ ಬಗ್ಗೆಯೂ ಆಕೆಯ ಬಳಿಕ ಬಂದ ಕೆಲವು ಯುವಕರ ಬಗ್ಗೆಯೂ ಇಂದು ನಿಮ್ಮೊಂದಿಗೆ ಮಾತನಾಡಬೇಕೆನಿಸಿದೆ.

ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಸಸೆಕ್ಸ್ ಎಂಬ ಪ್ರದೇಶವಿದೆ. ಅಲ್ಲಿ ಲೂಯಿಸ್ ಮತ್ತು ಈಸ್ಟ್ ಗ್ರಿನ್‌ಸ್ಟೆಡ್ ಪಟ್ಟಣಗಳ ನಡುವೆ 1882ರಲ್ಲಿ ಒಂದು ರೈಲುಮಾರ್ಗ ಆರಂಭವಾಯಿತು. ವಸಂತದಲ್ಲಿ ಹಳಿಯ ಇಕ್ಕೆಲದ ಕಾಡಿನಲ್ಲಿ ಅರಳುವ ನೀಲಿ ಹೂವುಗಳಿಂದಾಗಿ ಅದಕ್ಕೆ ಬ್ಲೂಬೆಲ್ ಎಂಬ ಹೆಸರು ಬಂತು. ನಷ್ಟದ ಕಾರಣ ನೀಡಿ 1955ರ ಮೇ ತಿಂಗಳಲ್ಲಿ ಬ್ರಿಟಿಷ್ ರೈಲ್ವೆ ಅದನ್ನು ಮುಚ್ಚಿತು.

ಆ ಮಾರ್ಗದ ಬಳಿಯ ಚೇಲಿ ಎಂಬ ಹಳ್ಳಿಯಲ್ಲಿ ಮ್ಯಾಜ್ ಬೆಸೆಮರ್ ಎಂಬ ಮಹಿಳೆ ಇದ್ದರು. ಉಕ್ಕನ್ನು ಅಗ್ಗವಾಗಿ ತಯಾರಿಸುವ ವಿಧಾನ ಕಂಡುಹಿಡಿದ ಹೆನ್ರಿ ಬೆಸೆಮರ್ ಅವರ ಮೊಮ್ಮಗಳು ಆಕೆ. ಆಕೆ ಮೆರವಣಿಗೆ ನಡೆಸಲಿಲ್ಲ, ಘೋಷಣೆ ಕೂಗಲಿಲ್ಲ. ಆ ಮಾರ್ಗಕ್ಕೆ ಅನುಮತಿ ನೀಡಿದ್ದ 1870ರ ದಶಕದ ಕಾನೂನನ್ನು ಹುಡುಕಿ ತೆಗೆದು ಓದಿದರು. ಹೆಸರಿಸಿದ ನಾಲ್ಕು ನಿಲ್ದಾಣಗಳಲ್ಲಿ ನಿಲ್ಲುವಂತೆ ದಿನವೂ ಎರಡೂ ದಿಕ್ಕಿಗೆ ನಾಲ್ಕು ನಾಲ್ಕು ರೈಲುಗಳನ್ನು ಓಡಿಸಲೇಬೇಕೆಂದು ಅದರಲ್ಲಿ ಬರೆದಿತ್ತು. ಆ ಕಾನೂನನ್ನು ಪಾರ್ಲಿಮೆಂಟ್ ರದ್ದುಪಡಿಸಿರಲಿಲ್ಲ. ಹೀಗಿರುವಾಗ ರೈಲು ನಿಲ್ಲಿಸಲು ನಿಮಗೆ ಅಧಿಕಾರ ಕೊಟ್ಟವರಾರು ಎಂದು ಆಕೆ ಕೇಳಿದರು.

ಈ ಭಾಗ ಓದುವಾಗ ನನಗೆ ನನ್ನ ಮದ್ರಸದ ದಿನಗಳು ನೆನಪಾದವು. ಯಾವುದೇ ಮಾತನ್ನು ಹೇಳಿದರೂ ನಮ್ಮ ಉಸ್ತಾದರು, “ಯಾವ ಕಿತಾಬಿನಲ್ಲಿದೆ? ತೆರೆದು ತೋರಿಸು” ಎನ್ನುತ್ತಿದ್ದರು. ಅವರು ಹೇಳಿದರು, ಇವರು ಹೇಳಿದರು ಎಂಬ ಉತ್ತರ ಅವರಲ್ಲಿ ನಡೆಯುತ್ತಿರಲಿಲ್ಲ. ಮೂಲವನ್ನು ತೆರೆದು ನೋಡುವ ಈ ಅಭ್ಯಾಸ ಎಷ್ಟು ದೊಡ್ಡ ಶಕ್ತಿಯೆಂಬುದು ಮ್ಯಾಜ್ ಅವರ ಕಥೆಯಿಂದ ತಿಳಿಯುತ್ತದೆ. 1956ರ ಆಗಸ್ಟ್ 7ರಂದು ರೈಲು ಮತ್ತೆ ಓಡಿತು!

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ರೈಲ್ವೆಯವರು ಕಾನೂನಿನಲ್ಲಿದ್ದಷ್ಟನ್ನೇ ಮಾಡಿದರು. ಯಾರಿಗೂ ಉಪಯೋಗವಾಗದ ಸಮಯದಲ್ಲಿ ರೈಲು ಬಿಟ್ಟರು. ಬಾರ್ಕಮ್ ಮತ್ತು ಕಿಂಗ್ಸ್‌ಕೋಟ್ ಎಂಬ ನಿಲ್ದಾಣಗಳ ಹೆಸರು ಕಾನೂನಿನಲ್ಲಿ ಇರಲಿಲ್ಲವೆಂದು ಅಲ್ಲಿ ರೈಲನ್ನು ನಿಲ್ಲಿಸಲೇ ಇಲ್ಲ. ಜನ ಇದನ್ನು ಮುನಿಸಿನ ರೈಲು ಎಂದು ಕರೆದರು. ಮುಂದೆ ವಿಚಾರಣೆ ನಡೆದು ರೈಲ್ವೆಯವರ ಮೇಲೆ ಟೀಕೆ ಬಂತಾದರೂ ಪಾರ್ಲಿಮೆಂಟ್ ಆ ನಿಯಮವನ್ನು ತೆಗೆದುಹಾಕಿತು. 1958ರ ಮಾರ್ಚ್‌ನಲ್ಲಿ ಮಾರ್ಗ ಎರಡನೆಯ ಬಾರಿ ಮುಚ್ಚಿತು.

ಇಂತಹ ಮುನಿಸನ್ನು ನಾನೂ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ನಮ್ಮೂರಿನ ಬೆಳಗ್ಗಿನ ಬಸ್ಸು ನಿಂತಿತು. ಹೈಸ್ಕೂಲಿಗೆ ಹೋಗುವ ಹೆಣ್ಣುಮಕ್ಕಳ ತಾಯಂದಿರು ಸೇರಿ ನನ್ನಿಂದ ಅರ್ಜಿ ಬರೆಸಿ, ಸಹಿ ಬಾರದವರು ಹೆಬ್ಬೆಟ್ಟು ಒತ್ತಿ, ತಾವೇ ಹೋಗಿ ಕೊಟ್ಟು ಬಂದರು. ಎರಡು ತಿಂಗಳ ಬಳಿಕ ಬಸ್ಸು ಬಂತು. ಆದರೆ ಅದು ಬರುತ್ತಿದ್ದುದು ಶಾಲೆಯ ಗಂಟೆ ಬಾರಿಸಿ ಅರ್ಧ ಗಂಟೆಯಾದ ಮೇಲೆ. ಕೆಲವು ವಾರ ಖಾಲಿ ಓಡಿ, ಜನರಿಲ್ಲವೆಂಬ ನೆಪದಲ್ಲಿ ಮತ್ತೆ ನಿಂತಿತು. “ಟೀಚರೇ, ನಾವು ಗೆದ್ದದ್ದಾ, ಸೋತದ್ದಾ?” ಎಂದು ಒಬ್ಬರು ತಾಯಿ ಕೇಳಿದರು. ಕೊನೆಗೆ ಆ ತಾಯಂದಿರೇ ಹಣ ಕೂಡಿಸಿ ಒಂದು ಜೀಪು ಗೊತ್ತುಮಾಡಿದರು. ಅಷ್ಟರಲ್ಲಿ ಇಬ್ಬರು ಹುಡುಗಿಯರ ಓದು ನಿಂತುಹೋಗಿತ್ತು.

ಬ್ಲೂಬೆಲ್‌ನಲ್ಲೂ ಎರಡನೆಯ ಸೋಲಿನ ಬಳಿಕ ಇದೇ ಪ್ರಶ್ನೆ ಎದ್ದಿರಬೇಕು. 1959ರ ಮಾರ್ಚ್ 15ರಂದು ಕೆಲವು ವಿದ್ಯಾರ್ಥಿಗಳ ಮುತುವರ್ಜಿಯಿಂದ ಹೇವರ್ಡ್ಸ್ ಹೀತ್ ಎಂಬಲ್ಲಿ ಸಭೆ ನಡೆದು ಒಂದು ಸಂಘ ಹುಟ್ಟಿತು. ಇಡೀ ಮಾರ್ಗವನ್ನು ಕೊಂಡು ಊರವರಿಗಾಗಿ ರೈಲು ಓಡಿಸುವುದು ಅವರ ಆಸೆಯಾಗಿತ್ತು. ಊರವರಲ್ಲಿ ಹೆಚ್ಚಿನವರು ಆಸಕ್ತಿ ತೋರಲಿಲ್ಲ. ಅಷ್ಟು ಹಣವೂ ಇರಲಿಲ್ಲ. ಕೊನೆಗೆ ಶೆಫೀಲ್ಡ್ ಪಾರ್ಕ್‌ನಿಂದ ಹಾರ್ಸ್ಟೆಡ್ ಕೇನ್ಸ್ ಸಮೀಪದವರೆಗಿನ ಸುಮಾರು ಏಳು ಕಿಲೋಮೀಟರ್ ತುಂಡನ್ನು ಬಾಡಿಗೆಗೆ ಪಡೆದರು. ದೊಡ್ಡ ಆಸೆ ಕೈಗೂಡಲಿಲ್ಲವೆಂದು ಸಿಕ್ಕಿದ್ದನ್ನು ಬಿಟ್ಟುಕೊಡಲಿಲ್ಲ.

1960ರ ಆಗಸ್ಟ್ 7, ಭಾನುವಾರ. ಮ್ಯಾಜ್ ಅವರ ಹೋರಾಟದಿಂದ ರೈಲು ಮರಳಿದ ದಿನಕ್ಕೆ ಸರಿಯಾಗಿ ನಾಲ್ಕು ವರ್ಷ. ಅವರ ಬಳಿ ಇದ್ದುದು ಎರಡು ಪುಟ್ಟ ಉಗಿ ಇಂಜಿನ್ ಮತ್ತು ಎರಡು ಬೋಗಿ. ಒಂದು ಇಂಜಿನ್ 1875ರಲ್ಲಿ ತಯಾರಾದ ಸ್ಟೆಪ್ನಿ. ಇನ್ನೊಂದು 1910ರದ್ದು, ಅದಕ್ಕೆ ಬ್ಲೂಬೆಲ್ ಎಂದೇ ಹೆಸರಿಟ್ಟರು. ಹಾರ್ಸ್ಟೆಡ್ ಕೇನ್ಸ್ ನಿಲ್ದಾಣವನ್ನು ಆಗ ಬ್ರಿಟಿಷ್ ರೈಲ್ವೆಯೇ ಬಳಸುತ್ತಿದ್ದುದರಿಂದ ಇವರ ರೈಲು ಅದರ ಹೊರಗೆಯೇ ನಿಲ್ಲಬೇಕಾಗಿತ್ತು. ಅಲ್ಲಿ ಇಂಜಿನನ್ನು ಬಿಚ್ಚಿ ಇನ್ನೊಂದು ತುದಿಗೆ ತರಲು ಬೇಕಾದ ಹಳಿ ಇರಲಿಲ್ಲ. ಅದಕ್ಕೆ ಅವರು ಕಂಡುಕೊಂಡ ಉಪಾಯ ಸರಳವಾಗಿತ್ತು. ಎರಡೂ ತುದಿಗೆ ಒಂದೊಂದು ಇಂಜಿನ್ ಜೋಡಿಸಿದರು. ಹೋಗುವಾಗ ಒಂದು ಮುಂದೆ, ಬರುವಾಗ ಇನ್ನೊಂದು ಮುಂದೆ.

ಉಗಿ ಇಂಜಿನ್ ಎಂದರೆ ಗ್ಯಾಸ್ ಒಲೆಯಂತೆ ಕ್ಷಣದಲ್ಲಿ ಹೊತ್ತಿಕೊಳ್ಳುವ ವಸ್ತುವಲ್ಲ. ರೈಲು ಹೊರಡುವ ಎಷ್ಟೋ ಗಂಟೆಗಳ ಮೊದಲೇ ಬಂದು ಹಿಂದಿನ ಬೂದಿ ತೆಗೆಯಬೇಕು, ನೀರು ತುಂಬಬೇಕು, ಬೆಂಕಿ ಹಚ್ಚಿ ಮೆಲ್ಲಮೆಲ್ಲನೆ ಕಾಯಿಸಬೇಕು, ಕೀಲುಕೀಲಿಗೂ ಎಣ್ಣೆ ಹಾಕಬೇಕು. ಮಣ್ಣಿನ ಒಲೆಯ ಮುಂದೆ ಬೆಳಗಿನ ಜಾವ ಕೂತು ಗೊತ್ತಿರುವ ನಮ್ಮ ತಾಯಂದಿರಿಗೆ ಈ ಕಷ್ಟ ಹೇಳಿಕೊಡಬೇಕಾಗಿಲ್ಲ. ಟಿಕೆಟ್ ಕೊಟ್ಟು ರೈಲು ಹತ್ತುವವರ ಕಣ್ಣಿಗೆ ಬೀಳುವುದು ಬಿಳಿ ಹೊಗೆ ಮಾತ್ರ. ಇಂತಹ ಕೆಲಸಗಳಲ್ಲಿ ಬಹಳಷ್ಟನ್ನು ಸಂಬಳವಿಲ್ಲದೆ, ತಮ್ಮ ರಜಾದಿನಗಳಲ್ಲಿ ಬಂದು ಮಾಡಿದವರಿದ್ದಾರೆ. ಅವರಿಲ್ಲದೆ ಬ್ಲೂಬೆಲ್ ಉಳಿಯುತ್ತಿರಲಿಲ್ಲ.

ಪ್ರಿಯ ಓದುಗರೇ, ಈ ಎರಡು ಭಾಗಗಳನ್ನು ಬೇರೆಬೇರೆಯಾಗಿ ನೋಡಬೇಡಿ. ಕಾಗದ ಓದುವವರಿಲ್ಲದಿದ್ದರೆ ನಮ್ಮ ಹಕ್ಕು ಏನೆಂದೇ ತಿಳಿಯುವುದಿಲ್ಲ. ಆದರೆ ಮನಸ್ಸಿಲ್ಲದವರು ಕೊಡುವ ಹಕ್ಕು ಬಹಳ ದಿನ ಬಾಳುವುದಿಲ್ಲ. ಅದನ್ನು ಹೊತ್ತು ನಡೆಸುವ ಕೈಗಳೂ ನಮ್ಮಲ್ಲಿಯೇ ಇರಬೇಕು. ನಿಮ್ಮ ಮಗಳಿಗೆ ಓದು ಕಲಿಸುವಾಗ ಅರ್ಜಿ ಬರೆಯಲು, ಆದೇಶ ಓದಲು, ಲೆಕ್ಕ ಇಡಲು ಕೂಡಾ ಕಲಿಸಿ. ನಾಲ್ಕು ಜನ ಸೇರಿ ಕೈಗೊಂಡ ಕೆಲಸದಲ್ಲಿ ಕೊನೆಯವರೆಗೆ ನಿಲ್ಲಲೂ ಕಲಿಸಿ.

ಆ ಏಳು ಕಿಲೋಮೀಟರ್ ಅಲ್ಲಿಗೇ ನಿಲ್ಲಲಿಲ್ಲ. ತೆಗೆದುಹಾಕಿದ್ದ ಹಳಿಗಳನ್ನು ಉತ್ತರ ದಿಕ್ಕಿಗೆ ಮತ್ತೆ ಹಾಸುತ್ತಾ ಹೋದರು. ಕಸ ಸುರಿದು ಮುಚ್ಚಿಹೋಗಿದ್ದ ಒಂದು ಆಳವಾದ ಕಣಿವೆಯನ್ನು ಅಗೆದು ತೆರವುಗೊಳಿಸಿ 2013ರ ಮಾರ್ಚ್‌ನಲ್ಲಿ ಈಸ್ಟ್ ಗ್ರಿನ್‌ಸ್ಟೆಡ್ ತಲುಪಿದರು. ಅದಕ್ಕೂ ಮೊದಲು, 1994ರಲ್ಲಿ, ಅವರ ರೈಲು ಕಿಂಗ್ಸ್‌ಕೋಟ್ ತಲುಪಿತ್ತು. ಕಾನೂನಿನಲ್ಲಿ ಹೆಸರಿಲ್ಲವೆಂದು ಮುನಿಸಿನ ರೈಲು ದಾಟಿ ಹೋಗುತ್ತಿದ್ದ ಅದೇ ನಿಲ್ದಾಣ. ಅಲ್ಲಿ ರೈಲು ನಿಂತಿತು.